ಕಾರ್ಡು ರಾಜ್ಯದ್ದು, ಹೊಣೆ ನಮ್ಮದು

ನ್ಯೂಜೆರ್ಸಿಯಲ್ಲಿ ಡಾಕ್ಟರು ಗಾಂಜಾಕ್ಕೆ ಚೀಟಿ ಬರೆದುಕೊಡುವುದಿಲ್ಲ. ಕಾರಣ ಅಮೆರಿಕದ ಕೇಂದ್ರ ಸರ್ಕಾರದ ಕಾನೂನು. 1970ರ ಮಾದಕ ವಸ್ತು ಕಾಯ್ದೆ ಗಾಂಜಾವನ್ನು ಹೆರಾಯಿನ್ ಇರುವ ಮೊದಲ ಪಟ್ಟಿಗೇ ಸೇರಿಸಿತು. ಆ ಪಟ್ಟಿಯಲ್ಲಿದ್ದುದನ್ನು ಯಾವ ಡಾಕ್ಟರೂ ಬರೆಯುವಂತಿಲ್ಲ, ಯಾವ ಮೆಡಿಕಲ್ ಸ್ಟೋರಿನಲ್ಲೂ ಮಾರುವಂತಿಲ್ಲ. ಆದರೆ ರೋಗಿಗೆ ಇದರಿಂದ ಉಪಯೋಗವಾದೀತು ಎಂದು ಹೇಳುವುದು ಡಾಕ್ಟರ ವಾಕ್ ಸ್ವಾತಂತ್ರ್ಯ ಎಂದು 2002ರಲ್ಲಿ ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ರಾಜ್ಯಗಳ ವೈದ್ಯಕೀಯ ಗಾಂಜಾ ಯೋಜನೆಗಳೆಲ್ಲ ಈ ಕಿರಿದಾದ ಸಂದಿಯಲ್ಲೇ ನಿಂತಿವೆ. ಇಂಥವರಿಗೆ ಇಂಥ ಕಾಯಿಲೆ ಇದೆ ಎಂದು ಡಾಕ್ಟರು ದೃಢೀಕರಿಸುತ್ತಾರೆ, ರಾಜ್ಯ ಒಂದು ಕಾರ್ಡು ಕೊಡುತ್ತದೆ. ಅಲ್ಲಿಂದಾಚೆಗೆ ಏನು ಕೊಳ್ಳಬೇಕು, ಎಷ್ಟು ತೆಗೆದುಕೊಳ್ಳಬೇಕು, ಹಣ ಹೇಗೆ, ಕೆಲಸಕ್ಕೆ ಸಂಚಕಾರ ಬಂದರೆ ಏನು ಎನ್ನುವುದೆಲ್ಲ ರೋಗಿಯ ಪಾಲಿಗೆ ಬಿಟ್ಟದ್ದು. ಕಾರ್ಡು ಕೈಗೆ ಬಂದ ಮೇಲೆ ನಾನು ಕಲಿತದ್ದೆಲ್ಲ ಈ ಪಾಲಿನ ಪಾಠವೇ.

ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುವ ಕಾಯಿಲೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಮಲಗಿದ ಮೇಲೆ ಮೀನಖಂಡ ಬಿಗಿದುಕೊಂಡು ಕಾಲು ಮರದ ತೊಲೆಯ ಹಾಗೆ ಸೆಟೆದು ನಿಲ್ಲುತ್ತದೆ. ಮಡಿಸಲು ಬಾರದು, ನೀಡಲು ಬಾರದು. ಇದಕ್ಕೆ ಕೊಡುವ ಬ್ಯಾಕ್ಲೋಫೆನ್ ಗುಳಿಗೆಯ ಪ್ರಮಾಣ ಏರಿಸಿದರೆ ಬಿಗಿತ ಸಡಿಲವಾಗುತ್ತಿತ್ತು, ಜತೆಗೆ ಎದ್ದು ನಿಲ್ಲುವ ಕಸುವೂ ಹೋಗುತ್ತಿತ್ತು. ನರರೋಗ ತಜ್ಞರೇ ಒಂದು ದಿನ ಮಾತು ತೆಗೆದರು. ಗಾಂಜಾದ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ ಒಂದು ದೊಡ್ಡ ವರದಿ ಕೊಟ್ಟಿದ್ದವು. ಮೂರು ವಿಷಯಗಳಲ್ಲಿ ಮಾತ್ರ ಸಾಕ್ಷ್ಯ ಗಟ್ಟಿಯಾಗಿದೆ ಎಂದು ಅದು ಹೇಳಿತ್ತು: ವಯಸ್ಕರ ದೀರ್ಘಕಾಲದ ನೋವು, ಕೀಮೋಥೆರಪಿಯ ವಾಂತಿ, ಮತ್ತು ನನ್ನಂಥವರು ಹೇಳಿಕೊಳ್ಳುವ ಈ ಸ್ನಾಯುಬಿಗಿತ. ಗಿಡದಿಂದಲೇ ತೆಗೆದ ಸೇಟಿವೆಕ್ಸ್ ಎಂಬ ಬಾಯಿಸ್ಪ್ರೇಗೆ ಇದೇ ಕಾಯಿಲೆಗಾಗಿ ಬ್ರಿಟನ್ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿರಲಿಲ್ಲ. ಹಾಗಾಗಿ ಉಳಿದದ್ದು ರಾಜ್ಯದ ಕಾರ್ಡಿನ ದಾರಿ.

ನ್ಯೂಜೆರ್ಸಿ ಈ ದಾರಿ ತೆರೆದದ್ದು 2010ರ ಜನವರಿಯಲ್ಲಿ. ಗವರ್ನರ್ ಜಾನ್ ಕಾರ್ಜೈನ್ ಅಧಿಕಾರ ಬಿಡುವ ಹೊತ್ತಿಗೆ ಸಹಿ ಹಾಕಿದ ಕಾನೂನು ಅದು. ಮೊದಲ ಡಿಸ್ಪೆನ್ಸರಿ, ಅಂದರೆ ರೋಗಿಗಳಿಗೆ ಗಾಂಜಾ ಮಾರುವ ಅಂಗಡಿ, ಮಾಂಟ್‌ಕ್ಲೇರ್‌ನಲ್ಲಿ ಬಾಗಿಲು ತೆರೆದಾಗ 2012 ಮುಗಿಯುತ್ತ ಬಂದಿತ್ತು. ಕಾಯಿಲೆಗಳ ಪಟ್ಟಿ ಚಿಕ್ಕದು, ಶುಲ್ಕ 200 ಡಾಲರು, ಇಡೀ ತಿಂಗಳಿಗೆ ಎರಡು ಔನ್ಸಿನ ಮಿತಿ. ಜೇಕ್ ಹಾನಿಗ್ ಎಂಬ ಹುಡುಗ ಮಿದುಳಿನ ಕ್ಯಾನ್ಸರಿನಿಂದ 2018ರಲ್ಲಿ, ಏಳನೇ ವಯಸ್ಸಿಗೆ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನ ನೋವಿಗೆ ಆಸರೆಯಾಗಿದ್ದ ಗಾಂಜಾ ಎಣ್ಣೆಗೆ ಆ ಎರಡು ಔನ್ಸು ಸಾಲುತ್ತಿರಲಿಲ್ಲ. ಅವನ ಹೆತ್ತವರು ಪಟ್ಟು ಬಿಡದೆ ಓಡಾಡಿದರು. 2019ರ ಜುಲೈನಲ್ಲಿ ಗವರ್ನರ್ ಫಿಲ್ ಮರ್ಫಿ ಸಹಿ ಮಾಡಿದ ತಿದ್ದುಪಡಿ ಆ ಹುಡುಗನ ಹೆಸರಿನಲ್ಲೇ ಇದೆ. ಮಿತಿ ಮೂರು ಔನ್ಸಿಗೆ ಏರಿತು, ಕೊನೆಯ ಹಂತದ ರೋಗಿಗಳಿಗೆ ಮಿತಿಯೇ ಹೋಯಿತು, ಒಂದೇ ಅಂಗಡಿಗೆ ಹೆಸರು ಕಟ್ಟಿಕೊಳ್ಳಬೇಕೆಂಬ ನಿಯಮವೂ ಹೋಯಿತು. ಶುಲ್ಕ 2018ರಲ್ಲೇ 100 ಡಾಲರಿಗೆ ಇಳಿದಿತ್ತು, ಆಮೇಲೆ ಇನ್ನೂ ಇಳಿಯಿತು. ಇವತ್ತು ನಾವು ಅನುಭವಿಸುವ ಅನುಕೂಲದ ಹಿಂದೆ ಒಂದು ಮಗುವಿನ ನರಳಾಟವಿದೆ ಎನ್ನುವುದು ಕೌಂಟರಿನಲ್ಲಿ ನಿಂತವರಿಗೆ ನೆನಪಿರಬೇಕು.

ಕಾರ್ಡು ಪಡೆಯುವ ಕ್ರಮ ಕಷ್ಟದ್ದಲ್ಲ. ಡಾಕ್ಟರು ಮೊದಲೇ ಯೋಜನೆಯಲ್ಲಿ ನೋಂದಾಯಿಸಿಕೊಂಡವರಾಗಿರಬೇಕು. ತೊಡಕು ಇರುವುದು ಇಲ್ಲೇ. ನನ್ನ ತಜ್ಞರು ಹಾಗೆ ನೋಂದಾಯಿಸಿಕೊಂಡಿರಲಿಲ್ಲ, ಅವರ ಆಸ್ಪತ್ರೆಯಲ್ಲಿ ಬೇರೆ ಯಾರೂ ಇರಲಿಲ್ಲ. ಈ ದೃಢೀಕರಣವೊಂದನ್ನೇ ಮಾಡಿಕೊಂಡು ಕೂತ ಡಾಕ್ಟರುಗಳಿದ್ದಾರೆ, ವಿಮೆ ನಡೆಯುವುದಿಲ್ಲ, ಶುಲ್ಕ ಕೈಯಿಂದಲೇ. ನಾನು ಹೋದ ಒಂದು ಕಡೆ ನನ್ನ ಎಂಆರ್‌ಐ ಚಿತ್ರದ ಲಕೋಟೆಯನ್ನು ತೆರೆಯದೆಯೇ ಫಾರಂ ತುಂಬಲು ಹೊರಟರು. ಎದ್ದು ಬಂದೆ. ಎರಡನೆಯವರು ವರದಿಗಳನ್ನೆಲ್ಲ ಓದಿದರು, ಉಳಿದ ಔಷಧಿಗಳ ಪಟ್ಟಿ ಕೇಳಿದರು, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ ಎಂದು ವಿಚಾರಿಸಿದರು. ಪ್ರಶ್ನೆ ಕೇಳದ ಡಾಕ್ಟರಿಗಿಂತ ತುಸು ಕಾಡುವ ಡಾಕ್ಟರೇ ವಾಸಿ. ಅವರು ಆನ್‌ಲೈನಿನಲ್ಲಿ ನನ್ನ ಕಾಯಿಲೆ ದೃಢೀಕರಿಸಿ ಒಂದು ಸಂಖ್ಯೆ ಕೊಟ್ಟರು. ಅದನ್ನು ಹಿಡಿದು ರಾಜ್ಯದ ತಾಣದಲ್ಲಿ ಫೋಟೊ, ಗುರುತಿನ ಪತ್ರ, ವಿಳಾಸದ ದಾಖಲೆ ಏರಿಸಿದ ಮೇಲೆ ಕಾರ್ಡು ಬಂತು. ಅವಧಿ ಎರಡು ವರ್ಷ. ಆದರೆ ನಡುವೆ ಡಾಕ್ಟರ ದೃಢೀಕರಣ ಮುಗಿದರೆ ಕಾರ್ಡು ಇದ್ದೂ ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ. ಎರಡೂ ತಾರೀಖುಗಳನ್ನು ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಕಾಲು ಕೈಕೊಟ್ಟ ದಿನ ನನ್ನ ಬದಲು ಹೋಗಿ ತರಲು ನಮ್ಮ ಯಜಮಾನರನ್ನು ಆರೈಕೆದಾರರೆಂದು ನೋಂದಾಯಿಸಿದೆವು. ಅವರಿಗೂ ಬೇರೆಯೇ ಕಾರ್ಡು.

ಡಿಸ್ಪೆನ್ಸರಿಯ ಬಾಗಿಲಲ್ಲಿ ಕಾವಲಿನವನು ಕಾರ್ಡು ನೋಡುತ್ತಾನೆ, ಒಳಗೆ ಇನ್ನೊಮ್ಮೆ ನೋಡುತ್ತಾರೆ, ಆಮೇಲೆ ಕೌಂಟರಿನ ಸರದಿ. ಗಾಜಿನ ಹಿಂದೆ ಬ್ಲೂ ಡ್ರೀಮ್, ಗೊರಿಲ್ಲಾ ಗ್ಲೂ, ವೆಡ್ಡಿಂಗ್ ಕೇಕ್ ಎಂಬ ಹೆಸರಿನ ಹೂವಿನ ಡಬ್ಬಿಗಳು. ಮಾರುವ ಹುಡುಗ ಒಳ್ಳೆಯವನು, ತಾಳ್ಮೆಯವನು, ಆದರೆ ಫಾರ್ಮಸಿಸ್ಟ್ ಅಲ್ಲ. ತನಗೆ ಯಾವುದು ಹಿತವಾಯಿತೋ ಅದನ್ನೇ ಹೇಳುತ್ತಾನೆ. ನಾನು ಹೆಸರು ಬಿಟ್ಟು ಲೇಬಲ್ಲು ಓದುವುದನ್ನು ಕಲಿತೆ. ಅಮಲು ತರುವ ಟಿಎಚ್‌ಸಿ ಎಷ್ಟು ಮಿಲಿಗ್ರಾಂ, ಅಮಲು ತರದ ಸಿಬಿಡಿ ಎಷ್ಟು, ಬ್ಯಾಚ್ ಸಂಖ್ಯೆ ಯಾವುದು, ಎಲ್ಲಿಯವರೆಗೆ ಬಳಸಬಹುದು. ನನಗೆ ಹೊಂದಿದ್ದು ಎರಡೂ ಸಮನಾಗಿರುವ, ನಾಲಿಗೆಯ ಕೆಳಗೆ ಬಿಟ್ಟುಕೊಳ್ಳುವ ಟಿಂಕ್ಚರು. ಒಂದು ಮಿ.ಲೀ.ಗೆ ಹತ್ತು ಮಿಲಿಗ್ರಾಂ ಎಂದಿದ್ದರೆ ಕಾಲು ಮಿ.ಲೀ. ಎಂದರೆ ಎರಡೂವರೆ ಮಿಲಿಗ್ರಾಂ. ಶುರು ಮಾಡಿದ್ದು ಅಷ್ಟರಿಂದ.

ಎಷ್ಟು ತೆಗೆದುಕೊಳ್ಳಬೇಕು ಎಂದು ಯಾರೂ ಬರೆದುಕೊಡದ ಔಷಧಿಗೆ ನೋಟ್‌ಬುಕ್ಕೇ ಡಾಕ್ಟರು. ಹೊತ್ತು, ಪ್ರಮಾಣ, ಊಟ ಮಾಡಿದ್ದೆನೋ ಇಲ್ಲವೋ, ಕಾಲು ಎಷ್ಟು ಹೊತ್ತಿಗೆ ಸಡಿಲವಾಯಿತು, ಬೆಳಿಗ್ಗೆ ತಲೆ ಹೇಗಿತ್ತು ಎಂದು ಬರೆಯುತ್ತ ಹೋದೆ. ಹೊಗೆಯಾಗಿ ಎಳೆದದ್ದು ನಿಮಿಷಗಳಲ್ಲಿ ತಾಗುತ್ತದೆ. ನುಂಗಿದ್ದು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೂ ಸತಾಯಿಸಿ, ಆಮೇಲೆ ಗಂಟೆಗಟ್ಟಲೆ ಬಿಡುವುದಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡವರು ಎದೆ ಡವಡವ ಎಂದು ಎಮರ್ಜೆನ್ಸಿಗೆ ಹೋಗುವುದು ಹೀಗೆಯೇ. ನನ್ನ ಕಾಯಿಲೆಯವರಿಗೆ ಇನ್ನೊಂದು ಎಚ್ಚರಿಕೆಯೂ ಬೇಕು: ಗಾಂಜಾದಿಂದ ನೆನಪು, ಏಕಾಗ್ರತೆ, ಸಮತೋಲನ ಇನ್ನಷ್ಟು ಕುಸಿಯಬಹುದು. ಸಿಬಿಡಿ ಯಕೃತ್ತಿನ ಕೆಲವು ಕಿಣ್ವಗಳಿಗೆ ಅಡ್ಡ ಬರುತ್ತದೆ. ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಮುಟ್ಟಲೇಬಾರದು. ಆ ನೋಟ್‌ಬುಕ್ಕು ನೋಡಿಯೇ ನನ್ನ ತಜ್ಞರು ಬ್ಯಾಕ್ಲೋಫೆನ್ ಇಳಿಸಿದ್ದು. ಕಾಯಿಲೆ ವಾಸಿಯಾಗಲಿಲ್ಲ, ಆಗುವುದೂ ಇಲ್ಲ. ರಾತ್ರಿಯ ನಿದ್ದೆ ಬಂತು.

ಆ ಸಮಯದಲ್ಲಿ ನಮ್ಮ ಅತ್ತೆ ಸುರಪುರದಿಂದ ಬಂದಿದ್ದರು. ಸೀಸೆಯಲ್ಲಿ ಏನಿದೆ ಎಂದು ಹೇಗೆ ಹೇಳುವುದು ಎಂದು ಗಂಡ ಹೆಂಡತಿ ತಲೆ ಕೆಡಿಸಿಕೊಂಡಿದ್ದೆವು. ಕೇಳಿದವರು ನಕ್ಕರು: “ತಿಂಥಣಿ ಮೌನಪ್ಪನ ಜಾತ್ರ್ಯಾಗ ಪ್ರಸಾದ ಅಂತ ಕೊಡ್ತಾರವಾ ಇದನ್ನ. ನೀ ಇಷ್ಟ್ ರೊಕ್ಕಾ ಸುರದು ತರ್ತಿ?” ಸುತ್ತಲಿನ ಊರುಗಳಲ್ಲಿ ಆ ರೂಢಿ ಇರುವುದು ನಿಜ. ಆದರೆ 1985ರ ಭಾರತದ ಕಾಯ್ದೆಯಲ್ಲಿ ಗಾಂಜಾ ಹೂವೂ ಚರಸ್ಸೂ ಅಪರಾಧವೇ; ಹೂವಿನ ತುದಿಯಿಲ್ಲದ ಬರೀ ಎಲೆ, ಬೀಜಗಳನ್ನಷ್ಟೇ ಆ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ನ್ಯೂಜೆರ್ಸಿಯ ಕಾರ್ಡು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಬಾರದ ಪ್ಲಾಸ್ಟಿಕ್ಕು. ಊರಿಗೆ ಹೋಗುವಾಗ ನಾನು ಹಳೆಯ ಗುಳಿಗೆಗೆ ಮರಳುತ್ತೇನೆ, ಅದೂ ಹೊರಡುವ ಮುಂಚೆ ಡಾಕ್ಟರ ಸಲಹೆ ಪಡೆದು.

ಅತ್ತೆಯ ರೊಕ್ಕದ ಮಾತು ಸುಳ್ಳಲ್ಲ. ವಿಮೆ ಒಂದು ಪೈಸೆ ಕೊಡುವುದಿಲ್ಲ. ಕೇಂದ್ರದ ಕಾನೂನಿಗೆ ಹೆದರಿ ಕ್ರೆಡಿಟ್ ಕಾರ್ಡಿನ ಕಂಪನಿಗಳು ದೂರ ನಿಂತಿವೆ; ನಗದು ಅಥವಾ ಡೆಬಿಟ್. ಕೆಲಸದಲ್ಲಿ ಪೆಟ್ಟಾದವರಿಗೆ ಮಾತ್ರ ಒಂದು ಆಸರೆ ಇದೆ: ಗಾಯಗೊಂಡ ಕಾರ್ಮಿಕನ ಗಾಂಜಾ ಖರ್ಚನ್ನು ಮಾಲೀಕರೇ ಭರಿಸಬೇಕೆಂದು 2021ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಹೇಳಿತು. 2022ರ ಏಪ್ರಿಲ್ 21ರಿಂದ ಇಪ್ಪತ್ತೊಂದು ತುಂಬಿದ ಯಾರು ಬೇಕಾದರೂ ಕಾರ್ಡಿಲ್ಲದೆ ಕೊಳ್ಳಬಹುದು ಎಂದಾದ ಮೇಲೆ ಎಷ್ಟೋ ರೋಗಿಗಳು ಕಾರ್ಡು ನವೀಕರಿಸುವುದನ್ನೇ ಬಿಟ್ಟರು. ನಾನು ಬಿಡಲಿಲ್ಲ. ಕಾರ್ಡಿದ್ದವರಿಗೆ ಮಾರಾಟ ತೆರಿಗೆಯಿಲ್ಲ, ಉಳಿದವರಿಗೆ ಶೇ 6.625ರ ತೆರಿಗೆಯ ಮೇಲೆ ಊರಿನ ತೆರಿಗೆಯೂ ಬೀಳಬಹುದು. ಅದಕ್ಕಿಂತ ಮುಖ್ಯ, ಕೆಲಸದ ಜಾಗದ ರಕ್ಷಣೆ. ಕಾರ್ಡಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂದು 2019ರ ಕಾನೂನು ಹೇಳುತ್ತದೆ. ಮಾದಕ ವಸ್ತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ವಿವರಣೆ ಕೊಡಲು ಮೂರು ಕೆಲಸದ ದಿನಗಳ ಅವಕಾಶವಿದೆ. ಟ್ರಕ್ ಚಾಲಕರಂಥ, ಕೇಂದ್ರದ ನಿಯಮಕ್ಕೆ ಒಳಪಟ್ಟ ಕೆಲಸಗಳಿಗೆ ಈ ರಕ್ಷಣೆ ಅನ್ವಯಿಸದು. ಅಮಲಿನಲ್ಲಿ ಕಾರು ಓಡಿಸಿದರೆ ಕಾರ್ಡು ಇದ್ದರೂ ಕೇಸು. ಹಡ್ಸನ್ ನದಿಯ ಸೇತುವೆ ದಾಟಿ ನ್ಯೂಯಾರ್ಕಿಗೆ ಸೀಸೆ ಒಯ್ದರೆ, ಎರಡೂ ರಾಜ್ಯಗಳಲ್ಲಿ ಕಾನೂನುಬದ್ಧವಾಗಿದ್ದರೂ, ಗಡಿ ದಾಟಿದ್ದೇ ಕೇಂದ್ರದ ಅಪರಾಧ.

ಇನ್ನು ಎಲ್ಲಕ್ಕಿಂತ ದೊಡ್ಡ ವಿಷಯ. ಕಾರ್ಡು ಮಾಡಿಸುವ ಹೊತ್ತಿಗೆ ನಾನು ಅಮೆರಿಕದ ಪೌರತ್ವ ಪಡೆದಿದ್ದೆ. ನಮ್ಮವರಲ್ಲಿ ಬಹಳಷ್ಟು ಜನ ಹಾಗಿಲ್ಲ. ಎಚ್‌-1ಬಿ ವೀಸಾದ ಮೇಲೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ಕಾಯುತ್ತ ತಲೆ ನರೆಸಿಕೊಂಡವರು. ವಲಸೆ ಕಾನೂನು ನಡೆಯುವುದು ಕೇಂದ್ರದ ಪಟ್ಟಿಯ ಮೇಲೆ. ಶಿಕ್ಷೆಯೇ ಆಗಬೇಕೆಂದಿಲ್ಲ, ಗಾಂಜಾ ಇಟ್ಟುಕೊಂಡಿದ್ದೆ ಎಂದು ಅಧಿಕಾರಿಯ ಮುಂದೆ ವಿಧಿವತ್ತಾಗಿ ಒಪ್ಪಿಕೊಂಡರೂ ದೇಶದೊಳಕ್ಕೆ ಬಿಡದಿರಲು ಅದು ಕಾರಣವಾದೀತು. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ವ್ಯವಹಾರ ಪೌರತ್ವಕ್ಕೆ ಬೇಕಾದ ‘ಸನ್ನಡತೆ’ಗೆ ಅಡ್ಡಿ ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ತನ್ನ ಕೈಪಿಡಿಯಲ್ಲೇ ಬರೆದುಕೊಂಡಿತು. ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಯಲ್ಲೂ ಮಾದಕ ವಸ್ತುವಿನ ಪ್ರಶ್ನೆ ಬರುತ್ತದೆ. ಗಾಂಜಾವನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವವನ್ನು ನ್ಯಾಯ ಇಲಾಖೆ 2024ರಲ್ಲಿ ಹೊರಡಿಸಿದಾಗ ಪರಿಚಿತರೊಬ್ಬರು ಇನ್ನು ಚಿಂತೆಯಿಲ್ಲ ಎಂದು ಹಿಗ್ಗಿದರು. ಆದರೆ ವಲಸೆ ಕಾನೂನು ಲೆಕ್ಕಕ್ಕೆ ಹಿಡಿಯುವುದು ಮಾದಕ ವಸ್ತು ಕಾಯ್ದೆಯ ಐದೂ ಪಟ್ಟಿಗಳನ್ನು. ಪಟ್ಟಿ ಬದಲಾದ ಮಾತ್ರಕ್ಕೆ ಕುತ್ತು ತಪ್ಪುವುದಿಲ್ಲ.

ನನ್ನ ಗೆಳತಿಯೊಬ್ಬಳು ಕೀಮೋ ನಡೆಯುವಾಗ ಅನ್ನದ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದಳು. ಕಾರ್ಡು ಮಾಡಿಸುತ್ತೇನೆ ಎಂದಳು. ಗಂಡ ಹೆಂಡತಿ ಇಬ್ಬರೂ ವೀಸಾದವರು; ಮೊದಲು ವಕೀಲರನ್ನು ಕೇಳು ಎಂದೆ. ಅವರು ಬೇಡ ಎಂದರು. ಆರೈಕೆದಾರನೆಂದು ಗಂಡನ ಹೆಸರು ಹಾಕುವುದೂ ಬೇಡ ಎಂದರು. ಅವಳ ಡಾಕ್ಟರು ಡ್ರೊನಾಬಿನಾಲ್ ಬರೆದರು. ಪ್ರಯೋಗಶಾಲೆಯಲ್ಲಿ ತಯಾರಾದ ಟಿಎಚ್‌ಸಿ ಇದು. 1985ರಿಂದಲೇ ಕೀಮೋ ವಾಂತಿಗೆ ಅನುಮತಿ ಪಡೆದಿದೆ, ಸಾಮಾನ್ಯ ಫಾರ್ಮಸಿಯಲ್ಲಿ ಡಾಕ್ಟರ ಚೀಟಿಗೆ ಸಿಗುತ್ತದೆ. ಮಕ್ಕಳ ಕೆಲವು ತೀವ್ರ ಅಪಸ್ಮಾರಗಳಿಗೆ 2018ರಲ್ಲಿ ಅನುಮತಿ ಪಡೆದ ಎಪಿಡಿಯೋಲೆಕ್ಸ್ ಕೂಡ ಹೀಗೆಯೇ ಸಿಗುವ ಶುದ್ಧ ಸಿಬಿಡಿ. ಕಾರ್ಡಿನ ಗದ್ದಲದಲ್ಲಿ ಈ ನೇರ ದಾರಿಗಳು ಇರುವುದೇ ಜನಕ್ಕೆ ಗೊತ್ತಾಗುವುದಿಲ್ಲ.

ರಾಜ್ಯದ ಈ ಯೋಜನೆ ಒಳ್ಳೆಯದು ಎನ್ನುವುದೇ ನನ್ನ ತೀರ್ಮಾನ. ಪರೀಕ್ಷೆಯಾದ, ಪ್ರಮಾಣ ನಮೂದಿಸಿದ ಸೀಸೆ ಬೀದಿಯ ಪೊಟ್ಟಣಕ್ಕಿಂತ ಎಷ್ಟೋ ಮೇಲು. ಆದರೆ ಅದು ಕೊಡುವುದು ಅನುಮತಿ ಮಾತ್ರ, ಚಿಕಿತ್ಸೆಯಲ್ಲ. ಚಿಕಿತ್ಸೆಯನ್ನು ಅದರ ಸುತ್ತ ನಾವೇ ಕಟ್ಟಿಕೊಳ್ಳಬೇಕು. ಅಮೆರಿಕದಲ್ಲಿರುವ ಕನ್ನಡಿಗರಿಗೆ ನಾನು ಹೇಳುವುದು ಇಷ್ಟು: ಪೌರತ್ವ ಇಲ್ಲದಿದ್ದರೆ ಮೊದಲು ವಲಸೆ ವಕೀಲರು, ಆಮೇಲೆ ನಿಮ್ಮ ಕಾಯಿಲೆ ಬಲ್ಲ ಡಾಕ್ಟರು, ಕೊನೆಗೆ ಡಿಸ್ಪೆನ್ಸರಿ. ಈ ಕ್ರಮ ತಪ್ಪಿಸಬೇಡಿ. ಅಂಗಡಿಯಲ್ಲಿ ತೋರಿಸಿದ ಕಾರ್ಡನ್ನು ಗಡಿಯ ಅಧಿಕಾರಿ ಕೇಳಿದಾಗ ಇಲ್ಲವೆನ್ನಲು ಬರುವುದಿಲ್ಲ.