ಮಕ್ಕಳ ಸಂಧಿವಾತ ಮತ್ತು ಒತ್ತಡ ಪ್ರೋಟೀನ್‌ಗಳು

16 ವರ್ಷ ತುಂಬುವ ಮೊದಲೇ ಶುರುವಾಗಿ ಕನಿಷ್ಠ 6 ವಾರ ಉಳಿಯುವ, ಕಾರಣ ಗೊತ್ತಾಗದ ಕೀಲು ಉರಿಯೂತವೇ ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಅಂದರೆ ಜೆಐಎ. ಸಂಧಿವಾತ ಮುದುಕರ ಕಾಯಿಲೆ ಎಂಬ ನಂಬಿಕೆಯಿಂದ ಎಷ್ಟೋ ಮಕ್ಕಳಿಗೆ ಚಿಕಿತ್ಸೆ ತಡವಾಗುತ್ತದೆ. ಇದು ನೋವಿನ ಸಂಗತಿ.

ಈ ರೋಗದ ಸಂಶೋಧನೆಯಲ್ಲಿ ಗಮನ ಸೆಳೆದಿರುವವು ಒತ್ತಡ ಪ್ರೋಟೀನ್‌ಗಳು. ಶಾಖ, ಸೋಂಕು, ಉರಿಯೂತಗಳಿಂದ ಜೀವಕೋಶ ನಲುಗಿದಾಗ ಹೆಚ್ಚುವ ಈ ಪ್ರೋಟೀನ್‌ಗಳಿಗೆ ಹೀಟ್ ಶಾಕ್ ಪ್ರೋಟೀನ್ (ಎಚ್‌ಎಸ್‌ಪಿ) ಎಂದು ಹೆಸರು. ಇತರ ಪ್ರೋಟೀನ್‌ಗಳು ಸರಿಯಾಗಿ ಮಡಚಿಕೊಳ್ಳಲು ಇವು ನೆರವಾಗುತ್ತವೆ. ಹಣ್ಣುನೊಣದಲ್ಲಿ ಈ ಶಾಖ ಪ್ರತಿಕ್ರಿಯೆಯನ್ನು 1962ರಲ್ಲಿ ವರದಿ ಮಾಡಿದವರು ಇಟಲಿಯ ಫೆರುಚ್ಚೊ ರಿಟೋಸಾ.

ಜೆಐಎ ದೃಷ್ಟಿಯಿಂದ ಮುಖ್ಯವಾದುದು ಎಚ್‌ಎಸ್‌ಪಿ60. ಬ್ಯಾಕ್ಟೀರಿಯಾದ ಎಚ್‌ಎಸ್‌ಪಿ60ಕ್ಕೂ ಮನುಷ್ಯನದಕ್ಕೂ ಬಹಳ ಹೋಲಿಕೆಯಿದೆ. ಹಾಗಾಗಿ ಬ್ಯಾಕ್ಟೀರಿಯಾ ವಿರುದ್ಧದ ಪ್ರತಿರೋಧ ದಾರಿತಪ್ಪಿ ಸ್ವಂತ ಕೀಲಿನ ಮೇಲೆರಗುತ್ತದೆ ಎಂಬ ಶಂಕೆಯಿತ್ತು. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಸಂಶೋಧಕರು 1990ರ ದಶಕದಲ್ಲಿ ಕಂಡದ್ದು ಬೇರೆಯೇ: ಸ್ವಂತ ಎಚ್‌ಎಸ್‌ಪಿ60ಕ್ಕೆ ರೋಗನಿರೋಧಕ ವ್ಯವಸ್ಥೆಯ ಟಿ ಜೀವಕೋಶಗಳು ಸ್ಪಂದಿಸುವ ಮಕ್ಕಳಲ್ಲಿ ರೋಗ ಶಮನದ ಸಾಧ್ಯತೆ ಹೆಚ್ಚು. ಮೊದಲ 6 ತಿಂಗಳಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಕೀಲುಗಳಿಗೆ ತಗಲುವ ಆಲಿಗೋ ಬಗೆಯಲ್ಲಿ ಇದು ಎದ್ದು ಕಂಡಿತು. ನಿಯಂತ್ರಕ ಟಿ ಜೀವಕೋಶಗಳು (ಗುರುತು: ಫಾಕ್ಸ್‌ಪಿ3) ಮತ್ತು ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10 ಇದರ ಹಿಂದಿವೆ ಎಂಬುದು ವಿವರಣೆ.

ಎಚ್‌ಎಸ್‌ಪಿ ಆಧಾರಿತ ಚಿಕಿತ್ಸೆ ಇನ್ನೂ ಸಂಶೋಧನೆಯ ವಿಷಯ. ಬಳಕೆಯಲ್ಲಿರುವ ಪ್ರಮುಖ ಔಷಧ ಮೆಥೋಟ್ರೆಕ್ಸೇಟ್.