ಅರ್ಧ ಗಂಟೆಯ ರಾತ್ರಿ ಊಟ

ಏಳು ಗಂಟೆಗೆ ಕೆಲಸದಿಂದ ಬಂದು ಎಂಟರೊಳಗೆ ಮಕ್ಕಳಿಗೆ ಬಡಿಸಬೇಕಾದವರಿಗೆ ಹೊಸ ರುಚಿಗಳ ಪಟ್ಟಿಯಿಂದ ಹೆಚ್ಚು ಉಪಯೋಗವಿಲ್ಲ. ಬೇಗ ಆಗುವ ಅಡುಗೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ತಂಬುಳಿ, ಗೊಜ್ಜು, ಉಪ್ಸಾರು, ಝುಣಕ ಎಲ್ಲವೂ ದುಡಿದು ದಣಿದು ಬರುವ ಮನೆಗಳ ಅಡುಗೆಗಳೇ. ನನ್ನ ತವರು ಮಂಡ್ಯ ಕಡೆ, ಗಂಡನ ಮನೆ ವಿಜಯಪುರ ಕಡೆ. ಬೆಂಗಳೂರಿನ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಎರಡೂ ಕಡೆಯ ಡಬ್ಬಿಗಳಿವೆ. ಅವುಗಳ ನಡುವೆ ನಿಂತು ಇಷ್ಟು ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ರಾತ್ರಿಗೆ ಏನು ಅನ್ನುವುದು ಬೆಳಿಗ್ಗೆಯೇ ತೀರ್ಮಾನವಾಗಲಿ
ಫ್ರಿಜ್ ಬಾಗಿಲು ತೆಗೆದುಕೊಂಡು ಯೋಚಿಸುತ್ತ ನಿಂತರೆ ಕಾಲು ಗಂಟೆ ಹೋಗುತ್ತದೆ. ಅಷ್ಟರಲ್ಲಿ ಮಕ್ಕಳು ಬಿಸ್ಕತ್ತು ತಿಂದು ಹಸಿವು ಕೆಡಿಸಿಕೊಂಡಿರುತ್ತಾರೆ. ಬೆಳಗಿನ ಕಾಫಿ ಹೊತ್ತಿಗೇ ‘ರಾತ್ರಿಗೆ ಸೊಪ್ಪು’ ಅಂತ ಹೇಳಿಬಿಟ್ಟರೆ ಮನೆಗೆ ಮೊದಲು ಬರುವವರು ದಾರಿಯಲ್ಲಿ ಎರಡು ಕಟ್ಟು ಹಿಡಿದು ಬರುತ್ತಾರೆ.

2. ಒಂದು ಕುಕ್ಕರ್, ಎರಡು ಪಾತ್ರೆ
ಕೆಳಗಿನ ಪಾತ್ರೆಯಲ್ಲಿ ಬೇಳೆ, ಮೇಲಿನದರಲ್ಲಿ ಅಕ್ಕಿ. ಬೇಳೆಗೆ ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಸಾಕು. ಟೊಮೆಟೊ, ಹುಣಸೆರಸ ಬೇಳೆ ಬೆಂದ ಮೇಲೆಯೇ ಬೀಳಲಿ, ಹುಳಿ ಮೊದಲೇ ಸೇರಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ತೊಗರಿಬೇಳೆ ನೆನೆಹಾಕಲು ಪುರಸೊತ್ತಿಲ್ಲದ ದಿನ ಹೆಸರುಬೇಳೆ ತೆಗೆಯಿರಿ. ಕುಕ್ಕರ್ ಇಲ್ಲದೆ ಬರೀ ಪಾತ್ರೆಯಲ್ಲೂ ಅದು ಬೇಗ ಬೇಯುತ್ತದೆ.

3. ಭಾನುವಾರದ ಒಂದು ಗಂಟೆ
ಬೆಳ್ಳುಳ್ಳಿ ಸುಲಿದು ಡಬ್ಬಿಗೆ, ತೆಂಗಿನಕಾಯಿ ತುರಿದು ಫ್ರೀಜರ್‌ಗೆ, ಹುಣಸೆಹಣ್ಣು ಕಿವುಚಿ ಕುದಿಸಿದ ಗಟ್ಟಿ ರಸ ಬಾಟಲಿಗೆ. ಸಾರಿನ ಪುಡಿ ಮಾತ್ರ ತಿಂಗಳಿಗೊಮ್ಮೆ ಹುರಿದರೆ ಸಾಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬ್ಯಾಡಗಿ ಮೆಣಸಿನಕಾಯಿಯೇ ಹೆಚ್ಚಿರಲಿ: ಬಣ್ಣ ಧಾರಾಳ, ಖಾರ ಕಡಿಮೆ. ದೊಡ್ಡವರಿಗೆಂದು ಇನ್ನೊಂದು ಸಾರು ಕುದಿಸುವ ಕೆಲಸ ಅಲ್ಲಿಗೆ ತಪ್ಪುತ್ತದೆ.

4. ದೋಸೆ ಹಿಟ್ಟನ್ನು ಹುಳಿ ನೋಡಿ ಬಳಸಿ
ಮೊದಲ ದಿನ ಇಡ್ಲಿ, ಮರುದಿನ ದೋಸೆ. ಹುಳಿ ಏರಿದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹೆಚ್ಚಿ ಹಾಕಿ ಪಡ್ಡು. ಬೇಸಿಗೆಯಲ್ಲಿ ಈ ಲೆಕ್ಕ ಒಂದು ದಿನ ಮುಂಚೆಯೇ ಓಡುತ್ತದೆ.

5. ಒಂದು ಸಲ ಬೇಯಿಸಿ ಎರಡು ಅಡುಗೆ: ಬಸ್ಸಾರು
ಕೆಲಸದ ದಿನಕ್ಕೆ ಇದಕ್ಕಿಂತ ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ. ಬಸ್ಸಾರು ಹಬ್ಬದ ಕೆಲಸ, ರಜೆಯ ದಿನವೇ ಆಗಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಲಿಡಿ. ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಬಾರದು. ಆಗ ಹೆಚ್ಚಿದ ದಂಟಿನ ಸೊಪ್ಪೋ ಸಬ್ಬಸಿಗೆಯೋ ಹಾಕಿ, ಉಪ್ಪು ಬೆರೆಸಿ, ಐದಾರು ನಿಮಿಷ ಕುದಿಸಿ ಬಸಿಯಿರಿ. ಕೆಳಗಿಳಿದ ಕಟ್ಟು ಸಾರಿಗೆ, ಮೇಲುಳಿದ ಬೇಳೆ-ಸೊಪ್ಪು ಪಲ್ಯಕ್ಕೆ.

ಅದು ಬೇಯುವಷ್ಟರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿಕೊಳ್ಳಿ. ಸಾರಿನ ಪುಡಿ, ಕಾಯಿತುರಿ, ಹುಣಸೆರಸ ಸೇರಿಸಿ. ಬಸಿದ ಬೇಳೆ-ಸೊಪ್ಪಿನಲ್ಲೇ ಒಂದು ಹಿಡಿ ತೆಗೆದು ಮಿಕ್ಸಿಗೆ ಹಾಕುವುದನ್ನು ಮರೆಯಬೇಡಿ, ಸಾರಿಗೆ ಮಂದ ಬರುವುದು ಅದರಿಂದಲೇ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಒಂದು ಕುದಿ ಬರಿಸಿ. ಪಲ್ಯಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ, ಮೇಲೆ ಕಾಯಿತುರಿ.

ಪಕ್ಕದ ಒಲೆಯಲ್ಲಿ ಮುದ್ದೆ. ಒಂದು ಲೋಟ ರಾಗಿಹಿಟ್ಟಿಗೆ ಸುಮಾರು ಎರಡು ಲೋಟ ನೀರು. ಕುದಿಯುವ ನೀರಿಗೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಸಣ್ಣ ಉರಿಯಲ್ಲಿ ಬೇಯಲು ಬಿಡಿ. ಕೈ ಆಡಿಸಲು ಆತುರಪಟ್ಟರೆ ಗಂಟಾಗುತ್ತದೆ. ಹಿಟ್ಟು ಬೆಂದ ವಾಸನೆ ಬಂದ ಮೇಲೆಯೇ ತಿರುವಬೇಕು. ಬಸ್ಸಾರು ಮರುದಿನಕ್ಕೆ ಇನ್ನೂ ರುಚಿ, ಹಾಗಾಗಿ ಸಾರನ್ನು ನಾನು ಎರಡು ರಾತ್ರಿಯ ಅಳತೆಯಲ್ಲೇ ಮಾಡುತ್ತೇನೆ. ಎರಡನೆಯ ರಾತ್ರಿ ಅನ್ನವೊಂದನ್ನು ಇಟ್ಟರೆ ಆಯಿತು.

6. ಒಲೆ ಹಚ್ಚದ ರಾತ್ರಿಯೂ ಇರಲಿ
ನಮ್ಮ ಅತ್ತೆಯವರು ಊರಿನಿಂದ ಬಂದಾಗಲೆಲ್ಲ ಖಡಕ್ ಜೋಳದ ರೊಟ್ಟಿಯ ಗಂಟು ತರುತ್ತಾರೆ. ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ನಾನು ಸುಸ್ತಾಗಿ ಬಂದ ದಿನ ಅವರು, ‘ಒಲಿ ಯಾಕ ಹಚ್ಚತಿ, ರೊಟ್ಟಿ ಅದಾವಲ್ಲ’ ಅನ್ನುತ್ತಾರೆ. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಸೌತೆಕಾಯಿ, ಹಸಿ ಈರುಳ್ಳಿ. ಮಕ್ಕಳು ಮುರಿದು ಮೊಸರಲ್ಲಿ ನೆನೆಸಿಕೊಂಡು ತಿನ್ನುತ್ತಾರೆ. ಇದು ಪೂರ್ತಿ ಊಟ. ಬಿಸಿಯಾಗಿ ಏನೂ ಮಾಡಲಿಲ್ಲವಲ್ಲ ಅಂತ ಯಾವ ತಾಯಿಯೂ ನೊಂದುಕೊಳ್ಳಬೇಕಿಲ್ಲ.

7. ಮಿಕ್ಕ ಅನ್ನವನ್ನು ಹೊರಗೆ ಬಿಡಬೇಡಿ
ಚಿತ್ರಾನ್ನಕ್ಕೆ ಆರಿದ ಅನ್ನವೇ ಚೆಂದ, ಉದುರುದುರಾಗಿರುತ್ತದೆ. ಆದರೆ ಬೆಳಗಿನ ಅನ್ನವನ್ನು ಸಂಜೆಯವರೆಗೆ ಕಟ್ಟೆಯ ಮೇಲೆ ಬಿಟ್ಟು ಒಗ್ಗರಣೆ ಹಾಕುವುದು ಸರಿಯಲ್ಲ. ಬೇಯಿಸಿದರೂ ಸಾಯದೆ ಉಳಿಯುವ ಕೆಲವು ಸೂಕ್ಷ್ಮಾಣುಗಳು ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಮರುದಿನದೊಳಗೆ ಮುಗಿಸಿ.

8. ಕೆಲಸ ಹಂಚಿಬಿಡಿ
ಅಕ್ಕಿ ತೊಳೆಯುವುದು, ಸೊಪ್ಪು ಬಿಡಿಸುವುದು, ತಟ್ಟೆ ಇಡುವುದು ಏಳೆಂಟು ವರ್ಷದ ಮಗುವಿಗೂ ಬರುತ್ತದೆ. ನಮ್ಮನೆಯಲ್ಲಿ ಮುದ್ದೆ ತಿರುವುವುದು, ಕಟ್ಟುವುದು ಯಜಮಾನರ ಕೆಲಸ. ರೊಟ್ಟಿ ಸೀಮೆಯವರಾದರೂ ಅವರ ಮುದ್ದೆಯಲ್ಲಿ ಒಂದು ಗಂಟು ಸಿಗುವುದಿಲ್ಲ.

9. ನಾಳೆಯ ಊಟಕ್ಕೆ ಇಂದೇ ಕಾಳು ನೆನೆಯಲಿ
ಪಾತ್ರೆ ತೊಳೆದು ಮುಗಿಸುವಾಗ ಒಂದು ಹಿಡಿ ಹೆಸರುಕಾಳು ನೀರಿಗೆ ಹಾಕಿ. ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ, ಸೆಕೆ ಇರುವ ದಿನಗಳಲ್ಲಿ ಸಂಜೆಗೆಲ್ಲ ಮೊಳಕೆ ಇಣುಕಿರುತ್ತದೆ. ಚಳಿಗಾಲದಲ್ಲಿ ಇನ್ನೊಂದು ದಿನ ಬೇಕು. ಮೊಳಕೆಕಾಳಿಗೆ ಕುಕ್ಕರ್ ಬೇಡ. ಒಗ್ಗರಣೆಗೆ ಹಾಕಿ, ನೀರು ಚಿಮುಕಿಸಿ, ಮುಚ್ಚಿಟ್ಟರೆ ಚಪಾತಿ ಲಟ್ಟಿಸುವಷ್ಟರಲ್ಲಿ ಬೆಂದಿರುತ್ತದೆ. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ.