ಇಳಿವಯಸ್ಸಿನ ನೋವು ಮತ್ತು ಅಫೀಮು ವರ್ಗದ ಮಾತ್ರೆಗಳು

ಹೊಲದಲ್ಲಿ ಬಗ್ಗಿ ದುಡಿದ ನಮ್ಮ ಭಾಗದ ಹಿರಿಯರಲ್ಲಿ ಮೊಳಕಾಲು, ಸೊಂಟ, ಬೆನ್ನುಗಳ ನೋವು ಮನೆಮನೆಯ ಮಾತು. ಇದಕ್ಕೆ ವೈದ್ಯರು ಕೆಲವರಿಗೆ ಟ್ರಮಡಾಲ್, ಟಪೆಂಟಡಾಲ್, ಕೋಡೀನ್ ಮುಂತಾದ ಮಾತ್ರೆಗಳನ್ನು ಬರೆದಿರುತ್ತಾರೆ. ಹತ್ತು ದಿನಕ್ಕೆಂದು ಬರೆದದ್ದು ಎರಡು ವರ್ಷವಾದರೂ ನಡೆದಿರುತ್ತದೆ. ಅಂಥವರು ಚಿಟಗುಪ್ಪದ ನನ್ನ ಚಿಕಿತ್ಸಾಲಯಕ್ಕೆ ಬಂದು, “ನಿಮ್ಮ ಕಷಾಯ ಕೊಡ್ರಿ, ಇಂಗ್ಲಿಷ್ ಗುಳಿಗಿ ಇವತ್ತಿಂದ ಬಂದ್ ಮಾಡ್ತೀನಿ” ಎನ್ನುವುದುಂಟು. ಆಯುರ್ವೇದದ ಮೇಲಿನ ಈ ವಿಶ್ವಾಸ ಸಂತೋಷದ್ದೇ. ಆದರೆ ಹಾಗೆ ಥಟ್ಟನೆ ಬಿಡುವುದು ಅಪಾಯಕರ.

ಗಸಗಸೆ ಗಿಡದ ಹಸಿಗಾಯಿಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಮಾರ್ಫಿನ್, ಕೋಡೀನ್‌ಗಳು ಅದರಲ್ಲಿಯೇ ಇವೆ. ಟ್ರಮಡಾಲ್ ಕಾರ್ಖಾನೆಯಲ್ಲಿ ತಯಾರಾದರೂ ದೇಹದಲ್ಲಿ ಅದರ ಕಾರ್ಯ ಬಹುಮಟ್ಟಿಗೆ ಅದೇ ಬಗೆಯದು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 1985ರ ಮಾದಕ ದ್ರವ್ಯಗಳ ಕಾಯ್ದೆಯ ವ್ಯಾಪ್ತಿಗೆ ತಂದಿತು. ನಮ್ಮ ಶಾಸ್ತ್ರವೂ ಇದರಿಂದ ಹೊರತಲ್ಲ. ಚರಕ, ಸುಶ್ರುತ ಸಂಹಿತೆಗಳಲ್ಲಿ ಅಹಿಫೇನವಿಲ್ಲ; ಮಧ್ಯಯುಗದ ಶಾರ್ಙ್ಗಧರ ಸಂಹಿತೆಯಲ್ಲಿ ಅದು ಕಾಣಿಸುತ್ತದೆ. ಕಾಮಿನಿ ವಿದ್ರಾವಣ ರಸದಲ್ಲಿ ಅಹಿಫೇನವಿದೆ. ಆದ್ದರಿಂದ ಇಂಗ್ಲಿಷ್ ಔಷಧವೆಲ್ಲ ವಿಷ, ಆಯುರ್ವೇದವೆಲ್ಲ ನಿರಪಾಯ ಎಂಬ ಹೆಮ್ಮೆ ನನಗೆ ಒಪ್ಪಿಗೆಯಿಲ್ಲ.

ತಿಂಗಳುಗಟ್ಟಲೆ ಈ ಮಾತ್ರೆ ಸೇವಿಸಿದ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಬೆವರು, ಆಕಳಿಕೆ, ಮೂಗು ಸೋರುವುದು, ಹೊಟ್ಟೆ ನುಲಿತ, ಭೇದಿ, ನಿದ್ರಾನಾಶ, ತಳಮಳ ಉಂಟಾಗಬಹುದು. ಮೈಕೈ ನೋವು ಮೊದಲಿಗಿಂತ ಹೆಚ್ಚುತ್ತದೆ. ರೋಗಿ ಅದನ್ನು ಕೀಲುನೋವು ಉಲ್ಬಣಿಸಿತೆಂದು ಭಾವಿಸಿ, ಗಾಬರಿಯಿಂದ ಎರಡು ಮಾತ್ರೆ ನುಂಗುತ್ತಾನೆ. ಕೆಲವು ವಾರ ಬಿಟ್ಟವನು ಮತ್ತೆ ಹಳೆಯ ಪ್ರಮಾಣಕ್ಕೇ ಮರಳಿದರೆ ಅಪಾಯ ಇನ್ನೂ ದೊಡ್ಡದು; ಅಷ್ಟರಲ್ಲಿ ದೇಹದ ತಾಳಿಕೆ ಕುಗ್ಗಿರುವುದರಿಂದ ಉಸಿರಾಟವೇ ಕುಂದಬಹುದು.

ಬಿಡುವ ಕ್ರಮವೇ ಬೇರೆ. ವರ್ಷಕ್ಕೂ ಮೀರಿ ಸೇವಿಸಿದವರಲ್ಲಿ ತಿಂಗಳಿಗೆ ಸುಮಾರು ಶೇ. 10ರಷ್ಟು ಇಳಿಸುವುದು ರೂಢಿ. ಕೆಲವರಿಗೆ ಅದಕ್ಕಿಂತಲೂ ನಿಧಾನ ಬೇಕು. ಬರೆದುಕೊಟ್ಟ ವೈದ್ಯರೇ ಇದನ್ನು ನಿರ್ಧರಿಸಬೇಕು, ನಾನಲ್ಲ, ಔಷಧ ಅಂಗಡಿಯವರಂತೂ ಅಲ್ಲ. ಎಲ್ಲರೂ ಬಿಡಲೇಬೇಕೆಂದೂ ಇಲ್ಲ. ಮಾತ್ರೆಯಿಂದ ನಡೆದಾಡಲು, ನಿದ್ರಿಸಲು ಸಾಧ್ಯವಾಗಿ, ತೊಂದರೆ ಇಲ್ಲದಿದ್ದರೆ ಕನಿಷ್ಠ ಪ್ರಮಾಣದಲ್ಲಿ ಮುಂದುವರಿಸುವುದೇ ಸರಿಯೆಂದು ಅವರು ಹೇಳಬಹುದು. ‘ಎಸ್.ಆರ್.’ ಎಂದು ಮುದ್ರಿಸಿದ ಮಾತ್ರೆಯನ್ನು ಕಡಿಮೆ ಮಾಡುವ ಉದ್ದೇಶದಿಂದ ಮುರಿಯುವುದಾಗಲಿ ಅರೆಯುವುದಾಗಲಿ ಕೂಡದು. ನಿಧಾನವಾಗಿ ಬಿಡುಗಡೆಯಾಗಬೇಕಾದ ಮದ್ದು ಒಮ್ಮೆಗೇ ರಕ್ತ ಸೇರುತ್ತದೆ.

ಆಯುರ್ವೇದ ಚಿಕಿತ್ಸೆಯನ್ನು ಜೊತೆಯಲ್ಲಿ ಪಡೆಯುವವರು ಕೆಲವು ಸಂಗತಿಗಳನ್ನು ಅವಶ್ಯ ಗಮನಿಸಬೇಕು. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಾಂಶ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಇರುತ್ತದೆ. ಕೀಲುನೋವಿಗೆ ದಶಮೂಲಾರಿಷ್ಟ, ಅಶ್ವಗಂಧಾರಿಷ್ಟಗಳನ್ನು ತಾವೇ ಕೊಂಡು ಕುಡಿಯುವವರು ಬಹಳ. ಅಫೀಮು ವರ್ಗದ ಮಾತ್ರೆಯೊಡನೆ ಅದು ಮಂಪರನ್ನು ಹೆಚ್ಚಿಸಬಲ್ಲದು. ಸರ್ಪಗಂಧ, ಜಟಾಮಾಂಸಿ, ತಗರಗಳೂ ನಿದ್ರಾಜನಕಗಳೇ. ಅಲೋಪತಿಯ ನಿದ್ರೆಮಾತ್ರೆ, ಸಾರಾಯಿ ಇವುಗಳ ಮಾತಂತೂ ಹೇಳಲೇಬೇಕಿಲ್ಲ. ಇನ್ನು ಕೆಲವರಿಗೆ ಚರ್ಮದ ಮೇಲೆ ಅಂಟಿಸುವ ನೋವಿನ ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿಯ ಮೇಲೆ ಬಿಸಿನೀರಿನ ಚೀಲ, ಎಣ್ಣೆ, ಶಾಖ ಸರ್ವಥಾ ಬೇಡ. ಬಿಸಿಗೆ ಮದ್ದು ವೇಗವಾಗಿ ಒಳಸೇರುತ್ತದೆ. ಸ್ವೇದನ ಚಿಕಿತ್ಸೆಗೆ ಬರುವವರು ಪಟ್ಟಿಯ ವಿಷಯವನ್ನು ಮೊದಲೇ ತಿಳಿಸಬೇಕು.

ಮಲಬದ್ಧತೆ ಈ ಮಾತ್ರೆಗಳ ಬಿಡದ ಸಂಗಾತಿ. ಇಸಬಗೋಲು ಇಲ್ಲಿ ಒಳ್ಳೆಯದಲ್ಲ. ಕರುಳಿನ ಚಲನೆಯೇ ಮಂದವಾಗಿರುವಾಗ, ಅದೂ ನೀರು ಕಡಿಮೆ ಕುಡಿಯುವ ವೃದ್ಧರಲ್ಲಿ, ಅದು ಗಟ್ಟಿಯಾಗಿ ಕೂರಬಹುದು. ಸೋನಾಮುಖಿ ಕರುಳನ್ನು ಚಲಿಸುವಂತೆ ಮಾಡುತ್ತದೆ. ಅಲೋಪತಿ ವೈದ್ಯರೂ ಅದನ್ನೇ ಬಳಸುತ್ತಾರೆ. ಪ್ರಮಾಣ ಮಾತ್ರ ಕೇಳಿಯೇ ತಿಳಿಯಬೇಕು.

ಮುಪ್ಪಿನಲ್ಲಿ ಮೂತ್ರಪಿಂಡ ನಿಧಾನವಾಗುವುದರಿಂದ ಮದ್ದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. 75 ದಾಟಿದವರಿಗೆ ಟ್ರಮಡಾಲ್ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ರಾತ್ರಿ ಎದ್ದಾಗ ತಲೆ ತಿರುಗಿ ಬಿದ್ದು ತೊಡೆಯ ಮೂಳೆ ಮುರಿದರೆ ಹಿರಿಯರು ಮತ್ತೆ ಮೇಲೇಳುವುದೇ ಕಷ್ಟ. ಹಾಸಿಗೆಯಿಂದ ಬಚ್ಚಲಿನವರೆಗೆ ದೀಪವಿರಲಿ. ಸಕ್ಕರೆ ಕಾಯಿಲೆಯವರಲ್ಲಿ ಟ್ರಮಡಾಲ್ ಸಕ್ಕರೆಯನ್ನು ಇಳಿಸಬಹುದು. ಎಬ್ಬಿಸಿದರೂ ಏಳದಿರುವುದು, ಉಸಿರು ನಿಧಾನವಾಗಿ ಗೊರಗೊರ ಎನ್ನುವುದು, ತುಟಿ ನೀಲಿಗಟ್ಟುವುದು ಕಂಡರೆ ಮಗ್ಗುಲಾಗಿ ಮಲಗಿಸಿ ಕೂಡಲೇ 108ಕ್ಕೆ ಕರೆ ಮಾಡಬೇಕು.

ಹಗುರವಾದ ಅಭ್ಯಂಗ, ಶಾಖ, ತೊಡೆಯ ಸ್ನಾಯುಗಳ ವ್ಯಾಯಾಮ, ದೇಹದ ತೂಕ ಇಳಿಸುವುದು ಇವುಗಳಿಂದ ಮೊಳಕಾಲಿನ ನೋವು ತಗ್ಗಿದಂತೆ ಮಾತ್ರೆ ಇಳಿಸುವುದೂ ಸುಲಭವಾಗುತ್ತದೆ. ಲಿಂಗಪೂಜೆಗೆ ಪದ್ಮಾಸನದಲ್ಲಿಯೇ ಕೂರಬೇಕೆಂದು ಕಣ್ಣೀರಿಡುವ ಅಜ್ಜಿಯರಿದ್ದಾರೆ. ತಾಯಂದಿರು ಕುರ್ಚಿಯಲ್ಲಿ ಕುಳಿತೇ ಪೂಜೆ ಮಾಡಲಿ.

ಕ್ಯಾನ್ಸರ್ ನೋವಿನ ಮಾತು ಬೇರೆ. ಅಲ್ಲಿ ಮಾರ್ಫಿನ್ ಬೇಡವೆಂದು ಮನೆಯವರು ತಡೆಯುವುದು ರೋಗಿಗೆ ಮಾಡುವ ಅನ್ಯಾಯ. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವ ನಿಯಮ ಸರಳವಾಗಿದೆ. ನಮ್ಮ ಭಾಗದವರು ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರದಲ್ಲಿ ನೋವಿನ ಚಿಕಿತ್ಸೆಯ ಬಗ್ಗೆ ವಿಚಾರಿಸಬಹುದು; ಹೋಗುವಾಗ ಹಳೆಯ ಚೀಟಿಗಳನ್ನೂ, ನಮ್ಮಲ್ಲಿ ಪಡೆದ ಚೂರ್ಣ, ಅರಿಷ್ಟಗಳ ಹೆಸರನ್ನೂ ಒಯ್ಯಬೇಕು.